ಮೊದಲು ಕಂಡವರೇ ಮೊದಲು ಹೇಳಬೇಕು



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಜಗದ್ಗುರು ಎರಡನೆಯ ಜಾನ್ ಪಾಲ್‌ರವರು 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. 1993ರಿಂದ ಪ್ರತಿ ವರ್ಷವೂ ಅಂದು ನಮ್ಮ ದೇವಾಲಯಗಳಲ್ಲಿ ರೋಗಿಗಳಿಗಾಗಿ ಬಲಿಪೂಜೆ ಅರ್ಪಿಸುತ್ತಾ ಬಂದಿದ್ದೇವೆ. ಮಲ್ಲಂದೂರಿನ ಸುತ್ತಲಿನ ತೋಟಗಳಲ್ಲಿ ಅದು ರೊಬಸ್ಟಾ ಕೊಯ್ಲಿನ ಭರದ ಕಾಲ. ಹಬ್ಬದ ಪೂಜೆಗೆ ಬಂದವರು ಮರುದಿನ ಬೆಳಗಾಗುತ್ತಲೇ ಚೀಲ ಕಟ್ಟಿಕೊಂಡು ಗಿಡದ ಸಾಲಿಗೆ ಇಳಿದಿರುತ್ತಾರೆ. ಮಲೆನಾಡಿನ ಒಂದು ಮಾರಕ ರೋಗ ಹರಡುವುದೂ ಇದೇ ತಿಂಗಳುಗಳಲ್ಲಿ. ಆದ್ದರಿಂದ ಈ ಹಬ್ಬದ ಸಂದರ್ಭದಲ್ಲಿ ಆ ರೋಗದ ಬಗ್ಗೆಯೂ, ಅದನ್ನು ತಡೆಯುವುದರಲ್ಲಿ ನಮ್ಮ ಪಾಲಿನ ಹೊಣೆಯ ಬಗ್ಗೆಯೂ ಯೋಚಿಸೋಣ.

ಸಂತ ಮಾರ್ಕನ ಶುಭಸಂದೇಶದಲ್ಲಿ ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತರುವ ಪ್ರಸಂಗ ನಮಗೆಲ್ಲ ಗೊತ್ತು. ಬಾಗಿಲಲ್ಲಿ ಜನಜಂಗುಳಿ ಇತ್ತು. ಅವರು ಹಿಂದಿರುಗಲಿಲ್ಲ. ಮಾಡಿನ ಮೇಲೆ ಹತ್ತಿ, ಮಾಡನ್ನು ಬಿಚ್ಚಿ, ರೋಗಿಯನ್ನು ಪ್ರಭುವಿನ ಮುಂದೆ ಇಳಿಸಿದರು. ಗುಣಪಡಿಸಿದ್ದು ಪ್ರಭು, ಆದರೆ ಹೊತ್ತವರು ಹೊರದೇ ಹೋಗಿದ್ದರೆ ರೋಗಿ ತನ್ನ ಮನೆಯಲ್ಲೇ ಉಳಿಯುತ್ತಿದ್ದ. 'ಆರೋಗ್ಯ ಕಾರ್ಯಕ್ರಮಗಳಲ್ಲಿ ಸಮುದಾಯದ ಸಹಭಾಗಿತ್ವ' ಎಂದು ಸರಕಾರಿ ಕಾಗದಗಳಲ್ಲಿ ಬರೆಯುವುದು ಈ ಹೊರುವ ಕೆಲಸವನ್ನೇ.

ಐದು ದಿನ ತಡವಾದ ಮಾತು

ನಮ್ಮದೇ ಒಂದು ತಪ್ಪಿನಿಂದ ಆರಂಭಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ, ಈ ಭಾಗದ ಒಂದು ತೋಟದಲ್ಲಿ, ಶಾಲೆಗೆ ಹೊರಟಿದ್ದ ಹುಡುಗಿಯೊಬ್ಬಳು ಹಳ್ಳದ ಪಕ್ಕ ಒಂದು ಮುಸಿಯ ಸತ್ತು ಬಿದ್ದಿರುವುದನ್ನು ಕಂಡಳು. ಸಂಜೆ ತಾಯಿಗೆ ಹೇಳಿದಳು. ತಾಯಿ ಯಾರಿಗೂ ಹೇಳಲಿಲ್ಲ. ಭಾನುವಾರ ಧರ್ಮೋಪದೇಶದ ತರಗತಿಯಲ್ಲಿ ಮಾತಿಗೆ ಮಾತು ಬಂದು ಹುಡುಗಿ ಸಿಸ್ಟರ್‌ಗೆ ಹೇಳಿದಳು, ಸಿಸ್ಟರ್ ನಮಗೆ ಹೇಳಿದರು. ನಮಗೆ ಅಂದು ಮಧ್ಯಾಹ್ನ ಮದುವೆ, ಸಂಜೆ ಸಭೆ. 'ನಾಳೆ ನೋಡೋಣ' ಎಂದೆವು. ಸೋಮವಾರ ಫೋನು ಮಾಡಿ ಸಿಬ್ಬಂದಿಯವರು ಬಂದು ನೋಡುವಷ್ಟರಲ್ಲಿ ಐದನೆಯ ದಿನ. ದೇಹ ಕೊಳೆತುಹೋಗಿತ್ತು, ನಾಯಿಗಳು ಎಳೆದಾಡಿದ್ದವು. ಇದರಿಂದ ಮಾದರಿ ತೆಗೆದು ಪ್ರಯೋಜನವಿಲ್ಲ ಎಂದು ಹೇಳಿ ಅವರು ಅಲ್ಲಿ ಮಾಡಬೇಕಾದ್ದನ್ನು ಮಾಡಿ ಹೋದರು. ಆ ಮುಸಿಯ ರೋಗದಿಂದ ಸತ್ತಿತೋ ಬೇರೆ ಕಾರಣದಿಂದಲೋ ಇಂದಿಗೂ ಗೊತ್ತಿಲ್ಲ. ಆ ಐದು ದಿನವೂ ಅದೇ ಹಳ್ಳದ ದಾರಿಯಲ್ಲಿ ಮಕ್ಕಳು ಓಡಾಡಿದ್ದರು, ಹೆಂಗಸರು ಸೌದೆ ತಂದಿದ್ದರು. ದೇವರ ದಯೆಯಿಂದ ಆ ವರ್ಷ ಅಲ್ಲಿ ಯಾರಿಗೂ ಏನೂ ಆಗಲಿಲ್ಲ. ಅದು ನಮ್ಮ ಜಾಣತನದ ಫಲವೇನೂ ಅಲ್ಲ.

ಅನಂತರ ಆ ತಾಯಿಯನ್ನು ಕೇಳಿದೆವು: "ಯಾಕಮ್ಮಾ, ಕೂಡಲೇ ಹೇಳಲಿಲ್ಲ?" ಆಕೆ ತಲೆ ತಗ್ಗಿಸಿ, "ಹೇಳಿದ್ರೆ ಆ ಕಡೆ ಕೆಲಸ ನಿಲ್ಲಿಸ್ತಾರೆ ಸ್ವಾಮಿ. ಕುಯ್ಲಿನ ಕಾಲದಲ್ಲಿ ನಾಲ್ಕು ಕಾಸು ಕಾಣೋದು. ನಮ್ಮ ಜೊತೆಯವರು ನನ್ನನ್ನೇ ಬೈತಾರೆ" ಎಂದಳು.

ಮಂಗ ಸತ್ತರೆ ಅಪಾಯವೆಂದು ಆಕೆಗೆ ಗೊತ್ತಿತ್ತು. ಬಾಯಿ ಕಟ್ಟಿದ್ದು ಕೂಲಿಯ ಚಿಂತೆ. ಜನರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಸಹಕರಿಸುವುದಿಲ್ಲ ಎಂದು ನಾವು ವೇದಿಕೆಯ ಮೇಲಿಂದ ಹೇಳುವುದುಂಟು. ಹೇಳುವುದರಿಂದ ಬಡವನಿಗೆ ನಷ್ಟವಾಗುವ ಕಡೆ ಎಷ್ಟು ತಿಳಿವಳಿಕೆ ಇದ್ದರೂ ಬಾಯಿ ತೆರೆಯುವುದಿಲ್ಲ ಎಂಬುದನ್ನು ಆ ತಾಯಿ ನಮಗೆ ಕಲಿಸಿದಳು.

ಕಾಯಿಲೆ ಹೇಗೆ ಬರುತ್ತದೆ?

ನಾವು ಮಂಗನ ಕಾಯಿಲೆ ಎಂದು ಕರೆಯುವ ಈ ರೋಗಕ್ಕೆ ವೈದ್ಯರ ಹೆಸರು ಕ್ಯಾಸನೂರು ಅರಣ್ಯ ರೋಗ, ಚಿಕ್ಕದಾಗಿ ಕೆಎಫ್‌ಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಾಣುವನ್ನು ಗುರುತಿಸಿದರು. 1983ರಲ್ಲಿ ಬೆಳ್ತಂಗಡಿಯ ಕಡೆ ಕಾಡು ಕಡಿದ ಜಾಗದ ಸುತ್ತ ರೋಗ ಎದ್ದು ಸಾವಿರಕ್ಕೂ ಮಿಕ್ಕಿ ಜನರನ್ನು ಹಾಸಿಗೆಗೆ ಕೆಡವಿತು, ನೂರಕ್ಕೂ ಮಿಕ್ಕಿ ಜೀವಗಳನ್ನು ತೆಗೆದುಕೊಂಡಿತು. 2015ರಲ್ಲಿ ಗೋವಾದ ಸತ್ತರಿ ಭಾಗದಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿತು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲೂಕಿನ ಅರಳಗೋಡು ಅನುಭವಿಸಿದ ನೋವನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ನಮ್ಮ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ತಾಲೂಕುಗಳಿಗೆ ಇದು ಹೊಸದಲ್ಲ. 2024ರಲ್ಲಿ ಜಿಲ್ಲೆಯಲ್ಲಿ ಸಾವೂ ಸಂಭವಿಸಿತು. ಮಲ್ಲಂದೂರಿನಿಂದ ಮುಂದೆ ಹೋದರೆ ಭದ್ರಾ ಅಭಯಾರಣ್ಯದ ಮುತ್ತೋಡಿ ಕಾಡು. ಕಾಡಿಗೆ ತಾಲೂಕಿನ ಗಡಿ ಗೊತ್ತಿಲ್ಲ.

ರೋಗವನ್ನು ಹರಡುವುದು ಉಣುಗು. ಕಾಡಿನ ಇಲಿ, ಮೂಗಿಲಿ ಮುಂತಾದ ಸಣ್ಣ ಪ್ರಾಣಿಗಳಲ್ಲಿಯೂ ಉಣುಗಿನಲ್ಲಿಯೂ ವೈರಾಣು ಸದ್ದಿಲ್ಲದೆ ಇರುತ್ತದೆ. ಅಂಥ ಉಣುಗು ಕಚ್ಚಿದಾಗ ಕಪ್ಪು ಮೋರೆಯ ಮುಸಿಯ, ಕೆಂಪು ಮೋರೆಯ ಮಂಗ ಎರಡೂ ಕಾಯಿಲೆ ಬಿದ್ದು ಸಾಯುತ್ತವೆ. ಸತ್ತ ದೇಹ ತಣ್ಣಗಾಗುತ್ತಿದ್ದಂತೆ ಅದರ ಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಅಲ್ಲಿ ಕಾಲಿಟ್ಟವರಿಗೆ ಕಚ್ಚುತ್ತವೆ. ಹೆಚ್ಚಾಗಿ ಮನುಷ್ಯನನ್ನು ಕಚ್ಚುವುದು ಎಳ್ಳುಕಾಳಿನಷ್ಟು ಚಿಕ್ಕದಾದ ಮರಿ ಉಣುಗು. ಕಚ್ಚಿದ್ದು ಎಷ್ಟೋ ವೇಳೆ ತಿಳಿಯುವುದೇ ಇಲ್ಲ. ಅವುಗಳ ಕಾಲ ನವೆಂಬರ್, ಡಿಸೆಂಬರಿನಿಂದ ಮೇ ತಿಂಗಳವರೆಗೆ. ಕಾಫಿ ಕೊಯ್ಲು, ಮೆಣಸಿನ ಕೊಯ್ಲು, ಸೌದೆ ಸಂಗ್ರಹ, ಕೊಟ್ಟಿಗೆಗೆ ತರಗು ಗುಡಿಸುವುದು ಎಲ್ಲವೂ ಇದೇ ಕಾಲದಲ್ಲಿ. ಕಾಡಿಗೆ ಮೇಯಲು ಹೋದ ದನಗಳ ಮೈಮೇಲೆ ಉಣುಗು ಕೊಟ್ಟಿಗೆಯವರೆಗೂ ಬರುತ್ತದೆ.

ಉಣುಗು ಕಚ್ಚಿ ಮೂರರಿಂದ ಎಂಟು ದಿನಗಳೊಳಗೆ ಇದ್ದಕ್ಕಿದ್ದಂತೆ ಚಳಿ ಜ್ವರ, ಹಣೆಯ ಭಾಗದಲ್ಲಿ ತೀವ್ರ ತಲೆನೋವು, ಎದ್ದು ನಿಲ್ಲಲಾಗದಷ್ಟು ಮೈಕೈ ನೋವು, ಕಣ್ಣು ಕೆಂಪಾಗುವುದು, ವಾಂತಿ ಕಾಣಿಸಿಕೊಳ್ಳಬಹುದು. ಕೆಲವರಿಗೆ ಮೂಗು, ಒಸಡುಗಳಲ್ಲಿ ರಕ್ತ ಬರುತ್ತದೆ. ಇನ್ನು ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಕಳೆದ ಮೇಲೆ ಮತ್ತೆ ಜ್ವರ ಬಂದು ಮಿದುಳಿಗೆ ತೊಂದರೆಯಾಗುತ್ತದೆ. ರೋಗ ತಗಲಿದ ನೂರು ಮಂದಿಯಲ್ಲಿ ಮೂವರಿಂದ ಐವರು ಸಾಯುತ್ತಾರೆ. ವೈರಾಣುವನ್ನೇ ಕೊಲ್ಲುವ ಔಷಧಿ ಇನ್ನೂ ಬಂದಿಲ್ಲ. ಆದರೆ ಬೇಗ ಆಸ್ಪತ್ರೆಗೆ ಸೇರಿದರೆ ರಕ್ತಸ್ರಾವ, ನಿರ್ಜಲತೆಗಳನ್ನು ನೋಡಿಕೊಂಡು ಜೀವ ಉಳಿಸುತ್ತಾರೆ. ಅಂಗಡಿಯ ನೋವಿನ ಮಾತ್ರೆ ನುಂಗಿ ಮಲಗಬಾರದು. ಕೆಲವು ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ರೋಗಿಯ ಮನೆಯನ್ನು ದೂರ ಮಾಡುವುದು ಅಜ್ಞಾನ ಮಾತ್ರವಲ್ಲ, ಪಾಪವೂ ಹೌದು. ಮಂಗಗಳನ್ನು ಕೊಲ್ಲುವುದರಿಂದಲೂ ಪ್ರಯೋಜನವಿಲ್ಲ. ಮಂಗವೂ ನಮ್ಮಂತೆ ಈ ರೋಗಕ್ಕೆ ಬಲಿಯಾಗುವ ಜೀವಿ.

ಲಸಿಕೆ ಕಲಿಸಿದ ಪಾಠ

ಈ ರೋಗಕ್ಕೆ ಒಂದು ಲಸಿಕೆ ಇತ್ತು. 1990ರಿಂದ ರಾಜ್ಯದಲ್ಲಿ ಅದನ್ನು ಕೊಡುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಅನಂತರ ಕೆಲವು ವರ್ಷ ವರ್ಷಕ್ಕೊಂದು. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದಾಗ ಎರಡು ಡೋಸ್ ಪಡೆದವರಿಗೆ ಸುಮಾರು ಶೇ. 62, ಬೂಸ್ಟರನ್ನೂ ಪಡೆದವರಿಗೆ ಸುಮಾರು ಶೇ. 83 ರಕ್ಷಣೆ ಸಿಕ್ಕಿದ್ದು ಕಂಡುಬಂತು. ಆದರೆ ಲಸಿಕೆ ಹಾಕಿಸಿಕೊಂಡವರೇ ಕಡಿಮೆ, ಎಲ್ಲ ಡೋಸ್ ಮುಗಿಸಿದವರು ಇನ್ನೂ ಕಡಿಮೆ. ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ತೋಳು ಎತ್ತಲಾಗದವನು ಮರುದಿನ ಕೂಲಿಗೆ ಹೇಗೆ ಹೋದಾನು? ಪರಿಣಾಮ ಕಡಿಮೆಯಾಗುತ್ತಿದೆ ಎಂಬ ಕಾರಣದಿಂದ 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೆಲಸ ಕೈಗೊಂಡಿದೆ.

ಹೊಸ ಲಸಿಕೆ ಬಂದ ದಿನವೂ ಹಳೆಯ ಪ್ರಶ್ನೆಯೇ ಎದುರಾಗುತ್ತದೆ. ಯಾವ ದಿನ ಹಾಕಿದರೆ ಜನರಿಗೆ ಅನುಕೂಲ? ನೋವಾದರೆ ಒಂದು ದಿನದ ವಿಶ್ರಾಂತಿಗೆ ಕೂಲಿ ಸಿಗುತ್ತದೆಯೇ? ಎರಡನೆಯ ಡೋಸ್ ಯಾಕೆ ಬೇಕೆಂದು ಅವರ ಭಾಷೆಯಲ್ಲಿ ಹೇಳುವವರು ಯಾರು? ಇವಕ್ಕೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ. ಲೈನು ಮನೆಗಳ ಜನರನ್ನು ಕೂರಿಸಿಕೊಂಡು ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ.

ಮಳ್ಳೂರಿನ ಹಾಲು

ಕೇಳುವುದು, ಕೂಡಿ ನಿರ್ಧರಿಸುವುದು ಹೊಸ ವಿಚಾರವೇನಲ್ಲ. 1978ರ ಸೆಪ್ಟೆಂಬರಿನಲ್ಲಿ ಆಲ್ಮಾ ಆಟಾ ನಗರದಲ್ಲಿ ಸೇರಿದ ಲೋಕದ ರಾಷ್ಟ್ರಗಳು, ತಮ್ಮ ಆರೋಗ್ಯ ಸೇವೆಯನ್ನು ಯೋಜಿಸುವುದರಲ್ಲಿಯೂ ನಡೆಸುವುದರಲ್ಲಿಯೂ ಪಾಲ್ಗೊಳ್ಳುವುದು ಜನರ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದೆಂದು ಘೋಷಿಸಿದವು. ಅದಕ್ಕೂ ಐದು ವರ್ಷ ಮೊದಲೇ, 1973ರಲ್ಲಿ, ನಮ್ಮ ರಾಜ್ಯದ ಒಂದು ಹಳ್ಳಿಯಲ್ಲಿ ಈ ಕೆಲಸ ಆರಂಭವಾಗಿತ್ತು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ, ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಶಿಡ್ಲಘಟ್ಟ ತಾಲೂಕಿನ ಮಳ್ಳೂರು ಆ ಹಳ್ಳಿ. ಬೆಂಗಳೂರಿನ ನಮ್ಮ ಸಂತ ಜಾನರ ವೈದ್ಯಕೀಯ ಕಾಲೇಜು ಮತ್ತು ಊರಿನ ಹಾಲು ಉತ್ಪಾದಕರ ಸಹಕಾರ ಸಂಘ ಸೇರಿ ಆರೋಗ್ಯ ಸಹಕಾರವನ್ನು ಕಟ್ಟಿದವು. ಡೇರಿಗೆ ಹಾಕುವ ಹಾಲಿನಲ್ಲಿ ಲೀಟರಿಗೆ ಕೆಲವೇ ಪೈಸೆಗಳನ್ನು ಆರೋಗ್ಯಕ್ಕೆಂದು ತೆಗೆದಿಟ್ಟು ಅದರಿಂದ ಕೇಂದ್ರ ನಡೆಸಿದರು. ದಾನಿಗಳ ಮುಂದೆ ಕೈ ಚಾಚುವ ಬದಲು ತಮ್ಮ ಹಾಲಿನಿಂದಲೇ ತಮ್ಮ ಔಷಧಿ! ತಾವು ಹಣ ಹಾಕಿದ ಕೇಂದ್ರದಲ್ಲಿ ಪ್ರಶ್ನೆ ಕೇಳುವ ಧೈರ್ಯವೂ ಜನರಿಗೆ ಬರುತ್ತದೆ.

ಆದರೆ ಇಂಥ ಯಾವ ಯೋಜನೆಗೂ ಒಂದು ಪರೀಕ್ಷೆ ಇದೆ. ಹಾಲು ಹಾಕುವವನಿಗೆ ಸಂಘದಲ್ಲಿ ಸ್ಥಾನವುಂಟು. ಹಸುವೇ ಇಲ್ಲದ ಕೂಲಿಯವನಿಗೆ? ನಮ್ಮ ಗುಡ್ಡಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಗಡುಸು. ಕೊಯ್ಲಿಗೆಂದು ಅಸ್ಸಾಂ, ಬಂಗಾಳದ ಕಡೆಯಿಂದ ಬಂದು ಲೈನು ಮನೆಗಳಲ್ಲಿ ತಂಗುವ ಕುಟುಂಬಗಳಿಗೆ ಕನ್ನಡ ಬಾರದು, ಮುಸಿಯ ಸತ್ತರೆ ಏನರ್ಥವೆಂದು ತಿಳಿಯದು, ಊರಿನ ಪಟ್ಟಿಯಲ್ಲಿ ಹೆಸರೂ ಇರುವುದಿಲ್ಲ. ಉಣುಗಿಗೆ ಎಲ್ಲರಿಗಿಂತ ಹತ್ತಿರ ಇರುವವರೂ ಅವರೇ.

ಸಮಿತಿ ಇದೆ, ಕುರ್ಚಿ ಖಾಲಿ

2005ರ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಯಿತು. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಆಶಾ ಕಾರ್ಯಕರ್ತೆಯರು ಬಂದದ್ದು ಅದರಿಂದಲೇ. ಹಳ್ಳಿಗಳಲ್ಲಿ ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ ಇರಬೇಕೆಂದೂ ಅದೇ ಯೋಜನೆ ಹೇಳಿತು. ಅನಂತರ ಪೌಷ್ಟಿಕತೆಯನ್ನೂ ಅದಕ್ಕೆ ಸೇರಿಸಿದರು. ಪಂಚಾಯತಿ ಸದಸ್ಯರು, ಆಶಾ, ಅಂಗನವಾಡಿ ಕಾರ್ಯಕರ್ತೆ, ಆರೋಗ್ಯ ಸಹಾಯಕಿ, ಸ್ವಸಹಾಯ ಸಂಘದ ಮಹಿಳೆಯರು ಇದರಲ್ಲಿರುತ್ತಾರೆ. ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಖರ್ಚು ಮಾಡಲು ವರ್ಷಕ್ಕೆ 10,000 ರೂಪಾಯಿಯವರೆಗಿನ ಅನುದಾನದ ವ್ಯವಸ್ಥೆಯೂ ಬಂತು.

ಇದನ್ನು ಓದುತ್ತಿರುವ ಎಷ್ಟು ಕುಟುಂಬಗಳಿಗೆ ತಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆಂದು ಗೊತ್ತು? ನಮಗೂ ಬಹಳ ಕಾಲ ಗೊತ್ತಿರಲಿಲ್ಲ. ವಿಚಾರಿಸಿದಾಗ ಸಭೆಗೆ ಜನ ಬರುವುದಿಲ್ಲ ಎಂಬ ಉತ್ತರ ಸಿಕ್ಕಿತು. ಸಭೆ ಎಷ್ಟು ಹೊತ್ತಿಗೆ ಎಂದು ಕೇಳಿದೆವು. ಕೆಲಸದ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ! ಆ ಹೊತ್ತಿನಲ್ಲಿ ತೋಟದ ಹೆಂಗಸರು ಗಿಡದ ಬುಡದಲ್ಲಿರುತ್ತಾರೆ. ಬಾಗಿಲಲ್ಲಿ ಜನಜಂಗುಳಿ ಇದ್ದರೂ ಮಾಡು ಬಿಚ್ಚಿದವರ ಕಥೆ ಓದುವ ನಾವು, ಬಾಗಿಲೇ ತೆರೆಯದ ಹೊತ್ತಿನಲ್ಲಿ ಸಭೆ ಇಟ್ಟು ಜನರನ್ನು ದೂರುತ್ತೇವೆ.

ಈ ಕೊಯ್ಲಿನಲ್ಲಿ ನಮ್ಮ ಪಾಲು

ಮಂಗನ ಕಾಯಿಲೆಯನ್ನು ತಡೆಯುವ ಕೆಲಸದಲ್ಲಿ ಆರೋಗ್ಯ, ಅರಣ್ಯ, ಪಶುಪಾಲನಾ ಇಲಾಖೆಗಳು ಮೂರೂ ಇವೆ. ಶಿವಮೊಗ್ಗದಲ್ಲಿ ಇದಕ್ಕೆಂದೇ ಪ್ರಯೋಗಾಲಯವೂ ಇದೆ. ಆದರೆ ಸತ್ತ ಮಂಗವನ್ನು ಮೊದಲು ಕಾಣುವುದು ಯಾವ ಅಧಿಕಾರಿಯೂ ಅಲ್ಲ. ಸೌದೆಗೆ ಹೋದ ತಾಯಿ, ದನ ಕಾಯುವ ಹುಡುಗ, ಕೊಯ್ಲಿನ ಆಳು ಕಾಣುತ್ತಾರೆ. ಅವರು ಅಂದೇ ಹೇಳಿದರೆ ಮಾದರಿ ಪರೀಕ್ಷೆಗೆ ಹೋಗುತ್ತದೆ, ಸುತ್ತಲಿನ ಜಾಗಕ್ಕೆ ಉಣುಗುನಾಶಕ ಹಾಕುತ್ತಾರೆ, ಊರು ಎಚ್ಚರವಾಗುತ್ತದೆ. ಅವರು ಹೇಳದಿದ್ದರೆ ಮೂರು ಇಲಾಖೆಗಳೂ ಕುರುಡು. ಆದ್ದರಿಂದ ನಮ್ಮ ಪಾಲನಾ ಪರಿಷತ್ತಿನಲ್ಲಿ ಚರ್ಚಿಸಿ ಕೆಲವು ತೀರ್ಮಾನಗಳನ್ನು ಮಾಡಿದ್ದೇವೆ. ಇತರ ಧರ್ಮಕೇಂದ್ರಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತೇವೆ.

ಮೊದಲನೆಯದು, ಹೇಳಿದವರಿಗೆ ನಷ್ಟವಾಗಬಾರದು. ನಮ್ಮ ದೇವಾಲಯದ ಬೆಂಚುಗಳಲ್ಲಿ ತೋಟದ ಮಾಲೀಕರೂ ಕೂರುತ್ತಾರೆ, ಅವರ ಕೂಲಿಯವರೂ ಕೂರುತ್ತಾರೆ. ಸತ್ತ ಮಂಗ ಸಿಕ್ಕ ಭಾಗದಲ್ಲಿ ಕೆಲಸ ನಿಲ್ಲಿಸಿದರೆ ಆ ಆಳುಗಳಿಗೆ ಬೇರೆ ಭಾಗದಲ್ಲಿ ಕೆಲಸ ಕೊಡಬೇಕು, ಇಲ್ಲವೇ ಆ ದಿನದ ಕೂಲಿ ಕೊಡಬೇಕೆಂದು ಮಾಲೀಕರನ್ನು ಕೇಳಿಕೊಂಡೆವು. ಒಬ್ಬರು, "ಫಾದರ್, ಒಂದು ದಿನದ ಕೂಲಿ ಉಳಿಸಲು ಹೋಗಿ ಇಡೀ ಕುಯ್ಲು ಕಳೆದುಕೊಳ್ಳೋದು ಯಾವ ಲೆಕ್ಕ?" ಎಂದು ತಾವೇ ಮೊದಲು ಒಪ್ಪಿದರು. ಎಲ್ಲರೂ ಒಪ್ಪಿಲ್ಲ. ಒಪ್ಪುವವರೆಗೆ ಕೇಳುತ್ತೇವೆ.

ಎರಡನೆಯದು, ಯಾರಿಗೆ ಹೇಳಬೇಕೆಂಬುದು ಮಗುವಿಗೂ ಗೊತ್ತಿರಬೇಕು. ಪ್ರತಿ ವಾರ್ಡಿನ ಗುರಿಕಾರರು ಆಶಾ ಕಾರ್ಯಕರ್ತೆಯ ಫೋನು ನಂಬರನ್ನು ಲೈನು ಮನೆಗಳ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಬೇಕು. ಮಂಗ ವಿದ್ಯುತ್ ತಗಲಿ ಸತ್ತಿರಬಹುದು, ಬಿದ್ದು ಸತ್ತಿರಬಹುದು. ಅದನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಮುಟ್ಟಬಾರದು, ಹೂಳಬಾರದು, ಹತ್ತಿರ ಹೋಗಬಾರದು, ಕೂಡಲೇ ಹೇಳಬೇಕು.

ಮೂರನೆಯದು, ಮೈಗೆ ಹಚ್ಚುವ ಎಣ್ಣೆ. ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯನ್ನು ಕಾಡಿಗೋ ತೋಟಕ್ಕೋ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಬೇಕು. ವಾಸನೆಯೆಂದು ಬಾಟಲಿ ಅಟ್ಟದ ಮೇಲೆ ಸೇರಿದರೆ ಕಾಪಾಡುವುದಿಲ್ಲ. ಬೆಳಿಗ್ಗೆ ಹಾಜರಿ ಕೂಗುವ ಜಾಗದಲ್ಲೇ ಬಾಟಲಿ ಇಟ್ಟು ಎಲ್ಲರೂ ಹಚ್ಚಿಕೊಂಡು ಹೊರಟರೆ ಅದು ತಾನಾಗಿ ಅಭ್ಯಾಸವಾಗುತ್ತದೆ. ಮೈತುಂಬ ಬಟ್ಟೆ ತೊಡುವುದು, ಸಂಜೆ ಬಿಸಿನೀರಿನಲ್ಲಿ ಸೋಪು ಹಾಕಿ ಸ್ನಾನ ಮಾಡುವುದು, ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು, ಮಂಗ ಸತ್ತ ಜಾಗದ ತರಗನ್ನು ಕೊಟ್ಟಿಗೆಗೆ ತಾರದಿರುವುದು ಕೂಡ ಇದರ ಜೊತೆಗೇ ನಡೆಯಬೇಕು.

ನಾಲ್ಕನೆಯದು, ಹೊರಗಿನಿಂದ ಬಂದವರು. ಹಿಂದಿ, ಬಂಗಾಳಿ ಬಲ್ಲ ಮೇಸ್ತ್ರಿಯೊಬ್ಬರನ್ನು ಆಶಾ ಜೊತೆ ಲೈನು ಮನೆಗಳಿಗೆ ಕಳುಹಿಸಿ, ಬಂದವರ ಹೆಸರು ಬರೆದು, ಅವರಿಗೆ ಎಣ್ಣೆಯನ್ನೂ ವಿಷಯವನ್ನೂ ಮುಟ್ಟಿಸಬೇಕು. ಅವರು ಯಾವ ದೇವರನ್ನು ನಂಬುತ್ತಾರೆಂದು ಉಣುಗು ಕೇಳುವುದಿಲ್ಲ; ನಾವೂ ಕೇಳಬಾರದು.

ಐದನೆಯದು, ಸಮಿತಿಯ ಸಭೆ ಭಾನುವಾರ ಮಧ್ಯಾಹ್ನವೋ ಸಂಜೆಯೋ ನಡೆಯಲಿ ಎಂದು ಪಂಚಾಯತಿಗೆ ಮನವಿ ಕೊಟ್ಟಿದ್ದೇವೆ. ಜಾಗ ಬೇಕಾದರೆ ನಮ್ಮ ಸಭಾಂಗಣ ಇದೆ. ಆದರೆ ಅಲ್ಲಿ ಗುರುಗಳು ಅಧ್ಯಕ್ಷತೆ ವಹಿಸುವುದು ಬೇಡ. ನಾವು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತೇವೆ.

ಪ್ರಿಯರೇ, ಮುಸಿಯವನ್ನು ಕಂಡ ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಕಳೆದ ಕೊಯ್ಲಿನಲ್ಲಿ ಇನ್ನೊಂದು ಮಂಗ ಸತ್ತದ್ದನ್ನು ಕಂಡದ್ದು ಅವಳ ತಾಯಿ. ಬೆಳಿಗ್ಗೆ ಒಂಬತ್ತಕ್ಕೆ ಕಂಡು ಹತ್ತು ಗಂಟೆಯೊಳಗೆ ಆಶಾಗೆ ತಿಳಿಸಿದಳು. ಸಂಜೆಯೊಳಗೆ ಮಾದರಿ ಹೋಯಿತು. ರೋಗ ಇಲ್ಲವೆಂದು ವರದಿ ಬಂತು. ಆ ದಿನ ಅವಳ ಗುಂಪು ಮೇಲಿನ ಭಾಗದಲ್ಲಿ ಕೊಯ್ಲು ಮಾಡಿತು. ಕೂಲಿ ಕಡಿಮೆಯಾಗಲಿಲ್ಲ. ಯಾರೂ ಆಕೆಯನ್ನು ಬೈಯಲಿಲ್ಲ.

ರೋಗಿಯನ್ನು ಹೊತ್ತ ಆ ನಾಲ್ವರ ಹೆಸರು ಶುಭಸಂದೇಶದಲ್ಲಿ ಇಲ್ಲ. ಹಾಗೆಯೇ ಹೆಸರಿಲ್ಲದೆ ಊರನ್ನು ಹೊರುವವರು ನಮ್ಮ ತೋಟಗಳಲ್ಲಿಯೂ ಇದ್ದಾರೆ. ಅವರ ಬಾಯಿಗೆ ಧೈರ್ಯ ಕೊಡುವುದು, ಆ ಧೈರ್ಯದ ಬೆಲೆಯನ್ನು ಅವರೊಬ್ಬರೇ ತೆರದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ. ರೋಗಿಗಳ ಆರೋಗ್ಯವಾದ ಮಾತೆ ಮರಿಯಮ್ಮನವರು ಈ ಕೊಯ್ಲಿನ ದಿನಗಳಲ್ಲಿ ನಮ್ಮ ಗುಡ್ಡಗಳ ಎಲ್ಲ ಕುಟುಂಬಗಳನ್ನು ಕಾಪಾಡಲಿ.